ಕಣ್ಣು ಅದುರಿದರೆ

ಹೋದ ವರ್ಷ ಪರೀಕ್ಷೆಯ ಮುನ್ನಾದಿನ ಗೆಳೆಯನೊಬ್ಬನಿಗೆ ಎಡಗಣ್ಣು ಅದುರಿತು. ಗಂಡಸಿಗೆ ಅದು ಅಪಶಕುನವಂತೆ. ಆತ ಪರೀಕ್ಷೆಗೇ ಕೂರಲಿಲ್ಲ, ಒಂದು ವರ್ಷ ಹೋಯಿತು. ಅಶೋಕವನದ ಸೀತೆಗೆ ಎಡಗಣ್ಣು ಅದುರಿ ಶುಭವಾದುದು ನಿಜ. ಆದರೆ ನಿದ್ದೆಗೆಟ್ಟು ಓದಿದವನ ರೆಪ್ಪೆಯ ಸ್ನಾಯುವಿಗೆ ಶುಭಾಶುಭಗಳ ಗೊಡವೆಯಿಲ್ಲ. ದಣಿವು, ಚಿಂತೆ, ಮೇಲಿಂದ ಮೇಲೆ ಕುಡಿದ ಕಾಫಿ ಇವೇ ಸಾಮಾನ್ಯ ಕಾರಣಗಳು.

ನಮ್ಮಜ್ಜಿ ರೆಪ್ಪೆಯ ಮೇಲೆ ಒದ್ದೆ ಹುಲ್ಲುಕಡ್ಡಿ ಅಂಟಿಸಿ ‘ಅಲುಗಾಡದೆ ಮಲಗು’ ಎನ್ನುತ್ತಿದ್ದಳು. ಗುಣವಾಗುತ್ತಿತ್ತು, ಕಡ್ಡಿಗಿಂತ ಆ ನಿದ್ದೆಯೇ ಮದ್ದಾಗಿದ್ದಿರಬೇಕು! ಮುಚ್ಚಿದ ಕಣ್ಣಿನ ಮೇಲೆ ಬೆಚ್ಚನೆಯ ಒದ್ದೆಬಟ್ಟೆ ಇಟ್ಟರೂ ಹಿತವಾಗುತ್ತದೆ. ಕಾಫಿ ಬಿಡುವುದು ಮೈಸೂರಿನವರಿಗೆ ಕಷ್ಟ, ಕಡಮೆ ಮಾಡಬಹುದು. ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ಹಲವು ವಾರ ಕಳೆದರೂ ನಿಲ್ಲದಿದ್ದರೆ, ಕಣ್ಣು ಪೂರ್ತಿ ಮುಚ್ಚಿಕೊಂಡರೆ, ಇಲ್ಲವೆ ಕೆನ್ನೆ ತುಟಿಗಳೂ ಅದುರಿದರೆ ಮನೆಮದ್ದನ್ನು ನೆಚ್ಚದೆ ವೈದ್ಯರಿಗೆ ತೋರಿಸಬೇಕು. ಕೃಷ್ಣರಾಜೇಂದ್ರ ಆಸ್ಪತ್ರೆ ನಮ್ಮೂರಿನಲ್ಲೇ ಇದೆ.