ಕೆ. ಸುಬ್ರಹ್ಮಣ್ಯಂ ಅವರ ಸಮರನೀತಿ ಚಿಂತನೆ: ಒಂದು ವಿವೇಚನೆ

ಯುದ್ಧವನ್ನು ಕುರಿತ ಚಿಂತನೆ ಯೋಧರಿಗೆ ಮಾತ್ರ ಸೇರಿದ್ದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನಮ್ಮ ರಾಜನೀತಿ ಪರಂಪರೆ ಇದನ್ನು ಸಮರ್ಥಿಸುವುದಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ದೊರೆತ ಹಸ್ತಪ್ರತಿಯನ್ನು ಆಧರಿಸಿ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೈನ್ಯ, ದುರ್ಗ, ಕೋಶ, ಮಂತ್ರಾಲೋಚನೆ, ಗೂಢಚರ್ಯೆಗಳೆಲ್ಲವೂ ಒಂದೇ ರಾಜ್ಯವ್ಯವಸ್ಥೆಯ ಅಂಗಗಳಾಗಿ ನಿರೂಪಿತವಾಗಿವೆ. ಮೂವರು ಚಾರರ ಮಾತು ಒಂದಕ್ಕೊಂದು ತಾಳೆಯಾದಾಗ ಸುದ್ದಿಯನ್ನು ನಂಬಬೇಕೆಂಬ ವಿಧಿಯೂ ಅಲ್ಲಿದೆ. ಸುದ್ದಿ ತರುವುದು ಬೇರೆ, ತಂದ ಸುದ್ದಿಯನ್ನು ತೂಗಿ ನೋಡುವುದು ಬೇರೆ ಎಂಬ ಈ ವಿವೇಕವನ್ನು ಆಧುನಿಕ ಭಾರತದಲ್ಲಿ ಮತ್ತೆ ಒತ್ತಿಹೇಳಿದವರಲ್ಲಿ ಕೆ. ಸುಬ್ರಹ್ಮಣ್ಯಂ ಪ್ರಮುಖರು. ಅವರ ಚಿಂತನೆಯ ಮುಖ್ಯ ನೆಲೆಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಎರಡು ಪರಿಭಾಷೆಗಳನ್ನು ಬೇರ್ಪಡಿಸಿಕೊಳ್ಳುವುದು ಅಗತ್ಯ. ರಣರಂಗದಲ್ಲಿ ಸೈನ್ಯವನ್ನು ನಡೆಸುವ ಕೌಶಲ ರಣತಂತ್ರ. ಯುದ್ಧವನ್ನು ಯಾವ ಉದ್ದೇಶಕ್ಕಾಗಿ ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ಹೇಗೆ ತಪ್ಪಿಸಬೇಕು ಎಂಬುದರ ನಿರ್ಣಯ ಸಮರನೀತಿ. ಮೊದಲನೆಯದು ಸೇನಾನಿಯ ಹೊಣೆ. ಎರಡನೆಯದು ಇಡೀ ರಾಜ್ಯದ ಹೊಣೆ. ಸುಬ್ರಹ್ಮಣ್ಯಂ ಅವರ ವ್ಯಾಸಂಗವೆಲ್ಲ ಈ ಎರಡನೆಯ ಕ್ಷೇತ್ರಕ್ಕೆ ಸೇರಿದ್ದು.

1929ರಲ್ಲಿ ತಿರುಚಿರಾಪಳ್ಳಿಯಲ್ಲಿ ಜನಿಸಿದ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿ, 1951ರ ತಂಡದಲ್ಲಿ ಭಾರತೀಯ ಆಡಳಿತ ಸೇವೆಗೆ ಸೇರಿದರು. ಸಮವಸ್ತ್ರ ಧರಿಸಿದವರಲ್ಲ. 1962ರ ಸೋಲಿನ ತರುವಾಯ, ರಕ್ಷಣೆಯ ವಿಷಯದಲ್ಲಿ ಸ್ವತಂತ್ರ ಅಧ್ಯಯನ ನಡೆಯಬೇಕೆಂಬ ಅರಿವಿನಿಂದ 1965ರಲ್ಲಿ ದೆಹಲಿಯಲ್ಲಿ ರಕ್ಷಣಾ ಅಧ್ಯಯನ ಮತ್ತು ವಿಶ್ಲೇಷಣಾ ಸಂಸ್ಥೆ ಸ್ಥಾಪಿತವಾಯಿತು. 1968ರಲ್ಲಿ ಅದರ ನಿರ್ದೇಶಕರಾದ ಸುಬ್ರಹ್ಮಣ್ಯಂ 1975ರವರೆಗೂ, ಮತ್ತೆ 1980ರಿಂದ 1987ರವರೆಗೂ ಅದನ್ನು ನಡೆಸಿದರು. ನಡುವೆ, 1977ರಿಂದ 1979ರವರೆಗೆ, ಬೇಹುಗಾರಿಕಾ ಸಂಸ್ಥೆಗಳ ವರದಿಗಳನ್ನು ಒಟ್ಟುಗೂಡಿಸಿ ವಿಮರ್ಶಿಸುವ ಜಂಟಿ ಗುಪ್ತಚರ ಸಮಿತಿಯ ಅಧ್ಯಕ್ಷರಾಗಿದ್ದರು. ಈ ಅನುಭವದ ಮಹತ್ವ ಮುಂದೆ ಕಾರ್ಗಿಲ್ ಸಂದರ್ಭದಲ್ಲಿ ವ್ಯಕ್ತವಾಗುತ್ತದೆ.

1971ರ ಮಾರ್ಚ್ ತಿಂಗಳಲ್ಲಿ ಪೂರ್ವ ಬಂಗಾಳದಲ್ಲಿ ದಮನ ಆರಂಭವಾದ ಕೆಲವೇ ದಿನಗಳಲ್ಲಿ, ಭಾರತ ಮಧ್ಯಪ್ರವೇಶಿಸಬೇಕೆಂದು ಅವರು ಬಹಿರಂಗವಾಗಿ ವಾದಿಸಿದರು. ನಿರಾಶ್ರಿತರ ಹೊರೆಯನ್ನು ಅನಿರ್ದಿಷ್ಟ ಕಾಲ ಹೊರುವುದಕ್ಕಿಂತ ಯುದ್ಧದ ವೆಚ್ಚ ಕಡಿಮೆಯೆಂಬುದು ಅವರ ಲೆಕ್ಕಾಚಾರ. ಈ ನಿಷ್ಠುರ ವಾದವನ್ನೇ ಭಾರತದ ದುರುದ್ದೇಶಕ್ಕೆ ಸಾಕ್ಷಿಯೆಂದು ಪಾಕಿಸ್ತಾನ ಬಳಸಿಕೊಂಡಿತು. ಸಮರನೀತಿಯ ವಿದ್ವಾಂಸನ ಮಾತು ಗ್ರಂಥಾಲಯದೊಳಗೆ ಉಳಿಯುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಭಾರತ ಪರಮಾಣು ಸಾಮರ್ಥ್ಯವನ್ನು ಹೊಂದಬೇಕೆಂದು ದಶಕಗಳ ಕಾಲ ಪ್ರತಿಪಾದಿಸಿದ ಇವರೇ ಆ ಅಸ್ತ್ರವನ್ನು ಯುದ್ಧ ಗೆಲ್ಲುವ ಸಾಧನವೆಂದು ಎಂದೂ ಪರಿಗಣಿಸಲಿಲ್ಲ. ಎದುರಾಳಿ ಅದನ್ನು ಪ್ರಯೋಗಿಸದಂತೆ ತಡೆಯುವುದಷ್ಟೇ ಅದರ ಪ್ರಯೋಜನ. ಪ್ರಯೋಗವಾದ ಕ್ಷಣದಲ್ಲಿ ನೀತಿ ಸೋತಂತೆ. ಆದ್ದರಿಂದ ಸಂಖ್ಯೆಯಲ್ಲಿ ಪೈಪೋಟಿ ಅನಗತ್ಯ, ಪೆಟ್ಟು ತಿಂದ ಮೇಲೂ ಪ್ರತ್ಯುತ್ತರ ನೀಡುವ ಶಕ್ತಿ ಉಳಿದಿದ್ದರೆ ಸಾಕು. 1998ರ ಪರೀಕ್ಷೆಗಳ ಬಳಿಕ ಅವರು ಸಂಚಾಲಕರಾಗಿದ್ದ ರಾಷ್ಟ್ರೀಯ ಭದ್ರತಾ ಸಲಹಾ ಮಂಡಳಿ ಸಿದ್ಧಪಡಿಸಿದ ಕರಡು ಸಿದ್ಧಾಂತ 1999ರ ಆಗಸ್ಟ್‌ನಲ್ಲಿ ಬಹಿರಂಗವಾಯಿತು. ಮೊದಲು ಪ್ರಯೋಗಿಸದಿರುವ ಪ್ರತಿಜ್ಞೆ ಮತ್ತು ಅಸ್ತ್ರದ ಮೇಲೆ ಚುನಾಯಿತ ನಾಯಕತ್ವದ ನಿಯಂತ್ರಣ ಅದರ ಆಧಾರಸ್ತಂಭಗಳು. ಈ ತತ್ತ್ವಗಳು 2003ರ ಜನವರಿಯಲ್ಲಿ, ಕೆಲವು ಮಾರ್ಪಾಡುಗಳೊಂದಿಗೆ, ಸರ್ಕಾರದ ಅಧಿಕೃತ ನಿಲುವಾದವು.

ಅವರ ಚಿಂತನೆಯ ನಿಜವಾದ ಪರೀಕ್ಷೆ ನಡೆದದ್ದು ಕಾರ್ಗಿಲ್ ವಿಷಯದಲ್ಲಿ. 1999ರ ಮೇ ತಿಂಗಳ ಆರಂಭದಲ್ಲಿ ಬಟಾಲಿಕ್ ಪ್ರದೇಶದ ಅತಿಕ್ರಮಣ ಮೊದಲು ಕಣ್ಣಿಗೆ ಬಿದ್ದದ್ದು ಕುರಿಗಾಹಿಗಳಿಗೆ. ಜುಲೈ ಅಂತ್ಯದ ವೇಳೆಗೆ ಶಿಖರಗಳು ಮರಳಿ ಕೈಸೇರಿದವು; ಅದಕ್ಕೆ 500ಕ್ಕೂ ಹೆಚ್ಚು ಭಾರತೀಯ ಯೋಧರು ಪ್ರಾಣ ತೆತ್ತರು. ಜುಲೈ 29ರಂದು ಸುಬ್ರಹ್ಮಣ್ಯಂ ಅಧ್ಯಕ್ಷತೆಯಲ್ಲಿ ಪರಾಮರ್ಶನ ಸಮಿತಿ ನೇಮಕವಾಗಿ, ವರದಿ ಸಲ್ಲಿಸಿತು. ಅತಿಕ್ರಮಣ ಸಂಪೂರ್ಣ ಅನಿರೀಕ್ಷಿತವಾಗಿತ್ತೆಂದು ಒಪ್ಪಿಕೊಂಡ ವರದಿ, ಅದರ ಮೂಲವನ್ನು ಶೋಧಿಸಿತು. ಬಿಡಿಬಿಡಿ ಸೂಚನೆಗಳು ಬೇರೆ ಬೇರೆ ಸಂಸ್ಥೆಗಳ ಕಡತಗಳಲ್ಲಿದ್ದವು. ಅವುಗಳನ್ನು ಒಂದೆಡೆ ತಂದು ಅರ್ಥೈಸುವ ವ್ಯವಸ್ಥೆ ದುರ್ಬಲವಾಗಿತ್ತು. ಜಂಟಿ ಗುಪ್ತಚರ ಸಮಿತಿಗೆ ತಕ್ಕ ಮನ್ನಣೆಯಿರಲಿಲ್ಲ. ಆ ದುರ್ಗಮ ನೆಲದಲ್ಲಿ ಇಂಥ ಸಾಹಸ ಅಸಾಧ್ಯವೆಂಬ ಪೂರ್ವಕಲ್ಪನೆಯೂ ಕಣ್ಣಿಗೆ ಪರದೆಯಾಗಿತ್ತು. ಸ್ವಾತಂತ್ರ್ಯದ ಹೊತ್ತಿನಲ್ಲಿ ಲಾರ್ಡ್ ಇಸ್ಮೆ ರೂಪಿಸಿದ ರಕ್ಷಣಾ ಆಡಳಿತದ ಚೌಕಟ್ಟು ಐದು ದಶಕಗಳಾದರೂ ಹೆಚ್ಚು ಬದಲಾಗದೆ ಉಳಿದಿತ್ತೆಂಬುದು ವರದಿಯ ಮತ್ತೊಂದು ಮುಖ್ಯ ಅಂಶ.

ವರದಿಗೆ ಮಿತಿಗಳೂ ಇದ್ದವು. ಸಮಿತಿಗೆ ಶಾಸನಬದ್ಧ ವಿಚಾರಣಾಧಿಕಾರವಿರಲಿಲ್ಲ. ವ್ಯಕ್ತಿಗಳ ಹೊಣೆಗಾರಿಕೆಯನ್ನು ಅದು ನಿಗದಿಪಡಿಸಲಿಲ್ಲವೆಂಬ ಆಕ್ಷೇಪ ಕೇಳಿಬಂದಿತು. ಭದ್ರತೆಯ ಕಾರಣದಿಂದ ಕೆಲವು ಭಾಗಗಳನ್ನು ಸರ್ಕಾರ ತಡೆಹಿಡಿಯಿತು. ಆದರೂ 2000ದ ಫೆಬ್ರವರಿಯಲ್ಲಿ ವರದಿ ಸಂಸತ್ತಿನ ಮುಂದೆ ಬಂದದ್ದು ಸಣ್ಣ ಸಂಗತಿಯಲ್ಲ; 1962ರ ಸೋಲನ್ನು ಕುರಿತು ಸೇನೆಯೇ ಸಿದ್ಧಪಡಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಪ್ರಕಟಿಸಿರಲೇ ಇಲ್ಲ. ಕಾರ್ಗಿಲ್ ವರದಿಯ ಬೆನ್ನಲ್ಲೇ ಮಂತ್ರಿಗಳ ತಂಡ ನಡೆಸಿದ ಪರಿಶೀಲನೆಯ ಫಲವಾಗಿ 2002ರಲ್ಲಿ ರಕ್ಷಣಾ ಗುಪ್ತಚರ ಸಂಸ್ಥೆ ರೂಪುಗೊಂಡಿತು. ಅದೇ ತಂಡ 2001ರಲ್ಲಿ ಶಿಫಾರಸು ಮಾಡಿದ ಮೂರೂ ಸೇನೆಗಳ ಸಮನ್ವಯದ ಮುಖ್ಯಸ್ಥರ ಹುದ್ದೆ 2020ರ ಜನವರಿಯಲ್ಲಿ ಕಾರ್ಯಗತವಾಯಿತು. ಆ ವೇಳೆಗೆ ಸುಬ್ರಹ್ಮಣ್ಯಂ ಇರಲಿಲ್ಲ; 2011ರ ಫೆಬ್ರವರಿಯಲ್ಲಿ ಅವರು ನಿಧನರಾಗಿದ್ದರು.

1999ರಲ್ಲಿ ತಮಗೆ ಪ್ರಕಟವಾದ ಪದ್ಮಭೂಷಣವನ್ನು, ಅಧಿಕಾರಿಗಳೂ ಪತ್ರಕರ್ತರೂ ಸರ್ಕಾರದಿಂದ ಪ್ರಶಸ್ತಿ ಪಡೆಯಬಾರದೆಂಬ ಕಾರಣ ನೀಡಿ ಅವರು ನಿರಾಕರಿಸಿದ್ದರು. ಆಳುವವರಿಗೆ ಅಪ್ರಿಯವಾದುದನ್ನು ಹೇಳಬೇಕಾದವನು ಅವರ ಋಣದಲ್ಲಿರಬಾರದೆಂಬ ಎಚ್ಚರ ಈ ನಿಲುವಿನಲ್ಲಿ ಕಾಣುತ್ತದೆ. ಒಟ್ಟಿನಲ್ಲಿ, ರಾಜ್ಯ ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ಸಕಾಲದಲ್ಲಿ ಕೇಳದಿದ್ದರೆ, ಅದರ ಉತ್ತರವನ್ನು ಯೋಧನು ತನ್ನ ಜೀವದಿಂದ ತೆರಬೇಕಾಗುತ್ತದೆ ಎಂಬುದು ಅವರ ಸಮರನೀತಿಯ ಸಾರ. ಆಯುಧಗಳು ಬದಲಾದರೂ ಈ ಮಾತಿನ ಪ್ರಸ್ತುತತೆ ಕುಗ್ಗಿಲ್ಲ.