ಮಿದುಳನ್ನು ಸೇರುವ ಬೂಷ್ಟು

ಹಳಸಿದ ರೊಟ್ಟಿಯ ಮೇಲೆ, ಮಳೆಗಾಲದ ಒದ್ದೆ ಗೋಡೆಯ ಮೇಲೆ ಹಬ್ಬುವ ಬೂಷ್ಟನ್ನು ಕಾಣದ ಗೃಹಿಣಿಯಿಲ್ಲ. ಅದರ ಕಣಗಳು ಗಾಳಿಯಲ್ಲಿ ಸದಾ ತೇಲುತ್ತಿರುತ್ತವೆ. ಉಸಿರಿನೊಡನೆ ಪ್ರತಿಯೊಬ್ಬರ ಶ್ವಾಸಕೋಶವನ್ನೂ ಸೇರುತ್ತವೆ. ಆರೋಗ್ಯವಂತ ಮಗುವಿನಲ್ಲಿ ರಕ್ಷಕ ಕಣಗಳು ಅವನ್ನು ಅಲ್ಲಿಯೇ ನುಂಗಿಬಿಡುತ್ತವೆ.

ರಕ್ತದ ಕ್ಯಾನ್ಸರಿಗೆ ತುತ್ತಾದ ಮಗುವಿನ ಪಾಡು ಬೇರೆ. ಕ್ಯಾನ್ಸರನ್ನು ಕೊಲ್ಲುವ ಮದ್ದುಗಳು ರಕ್ತದ ಬಿಳಿಯ ಕಣಗಳನ್ನೂ ಕುಗ್ಗಿಸುತ್ತವೆ. ಕಾವಲಿಲ್ಲದ ಮನೆಗೆ ಕಳ್ಳ ಹೊಕ್ಕಂತೆ ಆಸ್ಪರ್ಜಿಲಸ್ ಎಂಬ ಬೂಷ್ಟು ಶ್ವಾಸಕೋಶದಲ್ಲಿ ಬೇರೂರಿ, ರಕ್ತನಾಳಗಳನ್ನು ಕೊರೆದು, ಅಪರೂಪವಾಗಿ ಮಿದುಳಿಗೂ ಹಬ್ಬುತ್ತದೆ. ತಲೆನೋವು, ಫಿಟ್ಸು, ಒಂದು ಪಾರ್ಶ್ವದ ಕೈಕಾಲು ಸೋಲುವುದು ಇದರ ಸೂಚನೆಗಳು. ಕೆಲವು ಮಕ್ಕಳಲ್ಲಿ ಇವಾವುವೂ ತೋರದೆ, ಮಿದುಳಿನ ಸ್ಕ್ಯಾನಿನಲ್ಲಿಯೇ ರೋಗ ಮೊದಲು ಗೋಚರಿಸುವುದುಂಟು.

1950ರ ದಶಕದಲ್ಲಿ ವೆನಿಜುವೆಲಾದ ಒರಿನೊಕೊ ನದೀಪ್ರದೇಶದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಆಂಫೊಟೆರಿಸಿನ್-ಬಿ ದೊರೆಯಿತು. ಮದ್ದು ಪ್ರಬಲವೇನೋ ಹೌದು. ಆದರೆ ಮೂತ್ರಪಿಂಡಗಳಿಗೆ ಮಾರಕ, ಮಿದುಳಿನೊಳಕ್ಕೆ ಇಳಿಯುವುದೂ ಕಡಿಮೆ. ಕೊಬ್ಬಿನ ಸೂಕ್ಷ್ಮ ಗೋಳಗಳಲ್ಲಿ ಅಡಗಿಸಿ ಕೊಡುವ ಕ್ರಮ ಬಂದ ಮೇಲೆ ಅದರ ಕಾಟ ತಗ್ಗಿತು. ಮಿದುಳಿಗೆ ಚೆನ್ನಾಗಿ ಇಳಿಯುವ ವೊರಿಕೊನಜೋಲ್ 2002ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದನ್ನು ಪಡೆದ 81 ರೋಗಿಗಳ ವರದಿ 2005ರಲ್ಲಿ ಪ್ರಕಟವಾದಾಗ ಸುಮಾರು ಮೂರರಲ್ಲೊಬ್ಬರಿಗೆ ಗುಣ ಕಂಡಿತ್ತು. ಅದಕ್ಕೆ ಮೊದಲು ಈ ರೋಗದಿಂದ ಉಳಿದವರು ತೀರ ವಿರಳವೆಂಬುದನ್ನು ನೆನೆದರೆ ಇದು ಅಲ್ಪವಲ್ಲ. ಶಸ್ತ್ರಚಿಕಿತ್ಸೆಯಿಂದ ಕೀವಿನ ಗಂಟನ್ನು ತೆಗೆಯಲು ಸಾಧ್ಯವಾದವರಲ್ಲಿ ಫಲ ಇನ್ನೂ ಉತ್ತಮವಾಗಿತ್ತು.

ಆದರೆ ತೊಡಕು ಇರುವುದು ಇಲ್ಲಿಯೇ. ನಿತ್ಯಪುಷ್ಪ, ಕಾಶಿಕಣಗಿಲೆ ಎಂದೆಲ್ಲ ಕರೆಯುವ ಹಿತ್ತಲ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್, ಮಕ್ಕಳ ರಕ್ತದ ಕ್ಯಾನ್ಸರಿಗೆ ಮುಖ್ಯ ಮದ್ದು. ಅದನ್ನು ಕರಗಿಸಬೇಕಾದ ಯಕೃತ್ತಿನ ಕೆಲಸಕ್ಕೆ ವೊರಿಕೊನಜೋಲ್ ಅಡ್ಡಬರುತ್ತದೆ. ವಿನ್‌ಕ್ರಿಸ್ಟಿನ್ ಮೈಯಲ್ಲಿ ಉಳಿದು ನರಗಳನ್ನು ಘಾಸಿಗೊಳಿಸುತ್ತದೆ; ಕರುಳು ಸ್ತಬ್ಧವಾಗುವುದೂ ಉಂಟು. ಒಂದನ್ನು ತಡೆದರೆ ಕ್ಯಾನ್ಸರ್ ಮರುಕಳಿಸುವ ಭಯ, ಇನ್ನೊಂದನ್ನು ನಿಲ್ಲಿಸಿದರೆ ಬೂಷ್ಟು ಹಬ್ಬುವ ಭಯ! ಕೆಲವು ಕಾಲ ಆಂಫೊಟೆರಿಸಿನ್ನನ್ನೇ ಆಶ್ರಯಿಸಿ, ಚುಚ್ಚುಮದ್ದಿನ ದಿನಗಳನ್ನು ಹಿಂದುಮುಂದು ಮಾಡಿ ವೈದ್ಯರು ದಾರಿ ಹುಡುಕುತ್ತಾರೆ.

ಮಗುವೆಂದರೆ ಚಿಕ್ಕ ಅಳತೆಯ ದೊಡ್ಡವನಲ್ಲ. ಎರಡರಿಂದ ಹನ್ನೆರಡು ವರ್ಷದೊಳಗಿನವರ ದೇಹ ವೊರಿಕೊನಜೋಲನ್ನು ಬಲು ಬೇಗ ಕರಗಿಸುವುದರಿಂದ, ನರದ ಮೂಲಕ ಕೊಡುವಾಗ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದೊಡ್ಡವರಿಗೆ 4 ಮಿಲಿಗ್ರಾಂ ಆದರೆ ಮಕ್ಕಳಿಗೆ 8. ರಕ್ತದಲ್ಲಿ ಅದರ ಮಟ್ಟವನ್ನು ಮತ್ತೆ ಮತ್ತೆ ಅಳೆಯಬೇಕಾಗುತ್ತದೆ. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಮದ್ದಿನಿಂದ ಚರ್ಮ ಬಿಸಿಲನ್ನು ತಾಳದಾಗುವುದರಿಂದ, ಗುಣವಾಗುತ್ತಿರುವ ಮಗು ಆಟಕ್ಕೆ ಹಟ ಹಿಡಿದರೂ ತಾಯಿ ಸಂಜೆಯ ನೆರಳಿಗಾಗಿ ಕಾಯಬೇಕಾಗುತ್ತದೆ.