‘ಎದೆ’ಯೊಳಗೆ ಎಷ್ಟು ಅರ್ಥ?

ಎದೆ ಅಂದರೆ ಏನು? ಎದೆಹಾಲು ಅಂದಾಗ ತಾಯ್ತನ. ಎದೆಗಾರಿಕೆ ಅಂದಾಗ ಧೈರ್ಯ. ಎದೆ ಒಡೀತು ಅಂದಾಗ ದುಃಖ.

ನಮ್ಮ ಹಾಸನದ ಬಾನು ಮುಷ್ತಾಕ್ ಒಂದು ಕಥೆಗೆ ‘ಎದೆಯ ಹಣತೆ’ ಅಂತ ಹೆಸರಿಟ್ಟರು. ಗಂಡ ಕೈಬಿಟ್ಟ, ತವರೂ ನಿಲ್ಲಗೊಡದ ಒಬ್ಬ ತಾಯಿ ನಡುರಾತ್ರಿ ಬೆಂಕಿಗೆ ತನ್ನನ್ನೇ ಒಪ್ಪಿಸಲು ಹೊರಡುತ್ತಾಳೆ. ಕೂಸನ್ನೆತ್ತಿಕೊಂಡು ಓಡಿಬಂದ ಮಗಳು ಅವಳನ್ನು ತಡೆಯುತ್ತಾಳೆ. ಹಣತೆಗೂ ಬೇಕಾದದ್ದು ಎಣ್ಣೆ, ಕಿಡಿ. ಆ ತಾಯಿಯ ಕೈಯಲ್ಲಿದ್ದದ್ದೂ ಅವೇ. ಈಗ ಆ ಹೆಸರನ್ನು ಇನ್ನೊಮ್ಮೆ ಹೇಳಿ ನೋಡಿ. ನನಗಂತೂ ಮೈ ಜುಮ್ಮೆನ್ನುತ್ತೆ.

ಒಂದು ಪದದೊಳಗೆ ಹಲವು ಅರ್ಥ ಇರುವಂತೆ, ನಮ್ಮ ಮಾತಿನೊಳಗೆ ಹಲವು ಭಾಷೆಗಳಿವೆ. ನಮ್ಮ ಜಿಲ್ಲೆಯ ಮಲ್ಲಿಪಟ್ಟಣದಲ್ಲಿ ಹಾಸನದ ಬಸ್ ಹತ್ತಿ, ಸುತ್ತಲಿನ ಮಾತಿಗೆ ಕಿವಿಗೊಡಿ. ವಕೀಲ, ಬಾಕಿ, ತಕರಾರು: ಮೂರೂ ಅರಬ್ಬಿ ಮೂಲದವು. ಅರಬ್ಬಿಯಲ್ಲಿ ‘ತಕ್ರಾರ್’ ಅಂದರೆ ಮತ್ತೆ ಮತ್ತೆ ಹೇಳೋದು. ನಮ್ಮ ಊರಿಗೆ ಬರುವಷ್ಟರಲ್ಲಿ ಅದು ಜಗಳವಾಗಿದೆ! ಐರಿಷ್ ಲೇಖಕ ಜೇಮ್ಸ್ ಜಾಯ್ಸ್ 1939ರ ‘ಫಿನ್ನೆಗನ್ಸ್ ವೇಕ್’ ಕಾದಂಬರಿಯಲ್ಲಿ ಹತ್ತಾರು ಭಾಷೆ ಬೆಸೆದು ಹೊಸ ಪದಗಳನ್ನೇ ಕಟ್ಟಿದರು. ಸ್ವತಃ ವಕೀಲರಾದ ಬಾನು ಅವರಿಗೆ ಕನ್ನಡ, ಉರ್ದು, ದಖನಿಯ ಬೆಸುಗೆ ಹಾಸನದ ಬೀದಿಯಲ್ಲೇ ಸಿಕ್ಕಿತು.

‘ಎದೆಯ ಹಣತೆ’ಯೂ ಸೇರಿ ಅವರ 12 ಕಥೆಗಳನ್ನು ದೀಪಾ ಭಾಸ್ತಿ ‘ಹಾರ್ಟ್ ಲ್ಯಾಂಪ್’ ಹೆಸರಲ್ಲಿ ಇಂಗ್ಲಿಷಿಗೆ ತಂದರು. 2025ರ ಮೇನಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಬುಕರ್ ಬಂತು, ಕನ್ನಡಕ್ಕೆ ಮೊದಲ ಸಲ. ಅನುವಾದದಲ್ಲಿ ದೀಪಾ ಕನ್ನಡ, ಉರ್ದು ಪದಗಳನ್ನು ಓರೆ ಅಕ್ಷರದಲ್ಲಿ ಬೇರೆ ಮಾಡದೆ, ಅಡಿಟಿಪ್ಪಣಿಯನ್ನೂ ಹಾಕದೆ ಹಾಗೇ ಉಳಿಸಿದರು. ಆ ನಿರ್ಧಾರ ನನಗೆ ಬಹಳ ಇಷ್ಟ.

ಆದರೂ ಇಂಗ್ಲಿಷಿನ ‘ಹಾರ್ಟ್’ಗೆ ಎದೆಹಾಲಿನ ಅರ್ಥವಿಲ್ಲ. ‘ಎದೆಯ ಹಣತೆ’ಯ ಕೊನೆಯಲ್ಲಾದರೋ, ಮಗಳು ಎತ್ತಿಕೊಂಡು ಬಂದ ಆ ಕೂಸು ಅಲ್ಲೇ ಇದೆ.